ಪಕ್ಕದ ಮನೆಯಮ್ಮ ಸಾಯದೇ ಅಳಿಸಿಕೊಂಡದ್ದು

ನಗಬಾರದ ಜಾಗದಲ್ಲಿ ನಗು ಬರಿಸುವ ಸಂಗತಿಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಮೈಸೂರಿನಲ್ಲಿದ್ದಾಗ ಬಂದವು, ಕಂಪ್ಯೂಟರ್ ಕೆಲಸಕ್ಕೆ ಅಂತ ಐರ್ಲೆಂಡಿಗೆ ಬಂದ ಮೇಲೂ ವಿಳಾಸ ಪತ್ತೆ ಮಾಡಿಕೊಂಡು ಬಂದವು. ಮೊದಲಾದರೆ ಆಫೀಸಿಗೆ ಹೊತ್ತಾಯಿತು ಅಂತ ತಪ್ಪಿಸಿಕೊಳ್ಳುತ್ತಿದ್ದೆ. ಈಗ ನಿವೃತ್ತಿಯಾಗಿ ಬ್ಯಾಲಿನ್‌ಕೊಲಿಗ್ ಅನ್ನುವ ಇಲ್ಲಿಯ ಊರಿನ ಮನೆಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದೇನೆ. ಈ ಮನುಷ್ಯ ಖಾಲಿ ಇದ್ದಾನೆ ಅನ್ನುವುದು ಅವಕ್ಕೂ ಗೊತ್ತಾಗಿಬಿಟ್ಟಿದೆ.

ಇಲ್ಲಿ ಹೇಳುವುದೆಲ್ಲ ಒಂದು ಇಂಗ್ಲಿಷ್ ಕ್ರಿಯಾಪದದ ಸುತ್ತ ನಡೆದದ್ದು. ಪದ ‘ಕೀನ್’. ಸತ್ತವರ ಮುಂದೆ ಕೂತು, ದನಿ ಎತ್ತಿ, ರಾಗವಾಗಿ ಹಾಡಿಕೊಂಡು ಅಳುವುದು ಅಂತ ಅರ್ಥ. ಉತ್ಸಾಹ, ಚುರುಕು ಅನ್ನುವ ಅರ್ಥದಲ್ಲಿ ನಾವೆಲ್ಲ ಕಲಿತ ಕೀನ್ ಬೇರೆ. ಅದು ಹಳೆಯ ಇಂಗ್ಲಿಷಿನ ಆಸ್ತಿ. ಎರಡಕ್ಕೂ ನೆಂಟಸ್ತನ ಇಲ್ಲ, ಆದ್ದರಿಂದ ಅದನ್ನು ಇಲ್ಲೇ ಬಾಗಿಲಾಚೆ ಕಳಿಸಿಬಿಡೋಣ.

ಇದರಲ್ಲಿ ಬರುವವರೂ ಹೆಚ್ಚಿಲ್ಲ. ನಾನು, ನಮ್ಮವಳು, ಅಂದರೆ ನನ್ನ ಹೆಂಡತಿ, ಮೊಮ್ಮಗಳು, ಮತ್ತು ನಮಗೂ ಅವರಿಗೂ ನಡುವೆ ಒಂದೇ ಗೋಡೆ ಇರುವ ಪಕ್ಕದ ಮನೆಯಮ್ಮ. ಆಕೆ ಎಂಬತ್ತು ದಾಟಿದ ಐರಿಷ್ ಹೆಂಗಸು. ಕೆರಿ ಸೀಮೆಯ ಕಡಲ ಹಳ್ಳಿಯವರು, ಮದುವೆಯಾಗಲಿಲ್ಲ, ನಮ್ಮನ್ನು ಬಂದ ದಿನದಿಂದ ಗದರಿಸಿಕೊಂಡು ಸಾಕುತ್ತಿದ್ದಾರೆ. ಆಕೆಯ ಇಂಗ್ಲಿಷನ್ನು ನಾನು ಇಲ್ಲಿ ನಮ್ಮ ಕನ್ನಡಕ್ಕೆ ತಂದಿದ್ದೇನೆ. ಬೈಗುಳದಲ್ಲಿ ಒಂದಿಷ್ಟು ನಷ್ಟವಾಗಿದೆ, ಮಿಕ್ಕದ್ದು ಸರಿಯಾಗಿದೆ.

ಮತ್ತೆ ಬನ್ನಿ

ಹೋದ ವರ್ಷ ಪಕ್ಕದ ಮನೆಯಮ್ಮನ ಅಕ್ಕ ತೀರಿಕೊಂಡರು. ಇಲ್ಲಿ ಹೆಣವನ್ನು ಮನೆಯ ಹಾಲ್‌ನಲ್ಲಿ ಪೆಟ್ಟಿಗೆಯೊಳಗೆ ಮಲಗಿಸಿ, ಊರವರೆಲ್ಲ ಬಂದು ನೋಡಿಕೊಂಡು ಹೋಗುವ ಪದ್ಧತಿ. ನಾವೂ ಹೋದೆವು. ಬಾಗಿಲಲ್ಲಿ ಸಾಲು. ಒಬ್ಬೊಬ್ಬರೂ ಮನೆಯವರ ಕೈ ಕುಲುಕಿ, ‘ಸಾರಿ ಫಾರ್ ಯುವರ್ ಟ್ರಬಲ್’ ಅನ್ನುತ್ತಾರೆ, ಮುಂದೆ ಹೋಗುತ್ತಾರೆ. ಎಲ್ಲರದ್ದೂ ಅದೇ ಮಾತು, ಅದೇ ದನಿ. ಆಮೇಲೆ ಹವಾಮಾನದ ವಿಚಾರ. ಪೆಟ್ಟಿಗೆಯ ಪಕ್ಕದಲ್ಲೇ ಟೀ, ಸ್ಯಾಂಡ್‌ವಿಚ್, ಕೇಕು.

ನಮ್ಮವಳು ಮಂಡ್ಯದ ಕಡೆಯವಳು. ಸಾವಿನ ಮನೆಯಲ್ಲಿ ನೀರೂ ಮುಟ್ಟುವುದಿಲ್ಲ. ಹೋಗಿ, ನೋಡಿ, ಬಂದು, ತಲೆಗೆ ಸ್ನಾನ ಮಾಡಬೇಕು. ಒಬ್ಬಾಕೆ ತಟ್ಟೆ ಹಿಡಿದು ಬಂದರು. ಇವಳು ಬೇಡ ಅಂದಳು. ಇಲ್ಲಿ ಮೊದಲ ಸಲ ಬೇಡ ಅಂದರೆ ಅದು ಮರ್ಯಾದೆ, ಎರಡನೇ ಸಲ ಬೇಡ ಅಂದರೆ ಸಂಕೋಚ, ಮೂರನೇ ಸಲ ತಗೋಬೇಕು. ಇವಳು ಮೂರನೇ ಸಲವೂ ಬೇಡ ಅಂದದ್ದರಿಂದ, ಪಾಪ ಎಷ್ಟು ಸಂಕೋಚದ ಹೆಂಗಸು ಅಂತ ಮರುಕ ಹುಟ್ಟಿ, ಅವರು ಇಡೀ ತಟ್ಟೆಯನ್ನೇ ಇವಳ ತೊಡೆಯ ಮೇಲಿಟ್ಟು ಹೋದರು. ಇವಳು ಹೆಣದ ಮುಂದೆ ಮೊಟ್ಟೆ ಸ್ಯಾಂಡ್‌ವಿಚ್ ತಟ್ಟೆ ಇಟ್ಟುಕೊಂಡು, ಕಾಲುಂಗುರ ನೋಡುತ್ತ ಕೂತಳು.

ಹೊರಡುವಾಗ ಇನ್ನೊಂದು ಫಜೀತಿ. ನಮ್ಮಲ್ಲಿ ಸಾವಿನ ಮನೆಯಿಂದ ‘ಹೋಗಿ ಬರ್ತೀವಿ’ ಅನ್ನದೇ ಸುಮ್ಮನೆ ಎದ್ದು ಬರಬೇಕು. ಇಲ್ಲಿ ಹಾಗೆ ಎದ್ದು ಬಂದರೆ ಬೇಜಾರಾಗಿ ಹೋದರು ಅಂದುಕೊಳ್ಳುತ್ತಾರೆ. ಇವಳು ನನ್ನ ಕೋಟಿನ ತೋಳು ಹಿಡಿದು ಎಳೆದುಕೊಂಡು ಬಂದಳು. ಪಕ್ಕದ ಮನೆಯಮ್ಮ ಕಾರಿನ ತನಕ ಹಿಂದೆಯೇ ಓಡಿ ಬಂದು, ಕಿಟಕಿಯ ಹತ್ತಿರ ಬಗ್ಗಿ, “ನೀವು ಬಂದದ್ದು ನನಗೆ ತುಂಬ ದೊಡ್ಡದು. ಇದೇ ಥರ ಮತ್ತೆ ಬರಬೇಕು” ಅಂದರು.

ಕಾರು ರಸ್ತೆಗೆ ಬಂದ ಮೇಲೆ ಇವಳು ಬಾಯಿ ಬಿಟ್ಟಳು: “ರೀ, ಮತ್ತೆ ಬರಬೇಕು ಅಂತಾರಲ್ಲ, ಮುಂದಿನ ಸಲಕ್ಕೆ ಯಾರನ್ನ ಅಂದುಕೊಂಡಿದ್ದಾರೆ?”

ಮೊಮ್ಮಗಳ ಪಟ್ಟಿ

ಮಗಳು ಮೇನೂತ್‌ನ ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಾಳೆ. ಮೊಮ್ಮಗಳು ಅಲ್ಲಿ ಐರಿಷ್ ಮಾಧ್ಯಮದ ಶಾಲೆಗೆ ಹೋಗುತ್ತಾಳೆ. ನಾವು ಕನ್ನಡದಲ್ಲಿ ಮಾತಾಡಿದರೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಅಲ್ಲಿಯ ರಾಗದ ಇಂಗ್ಲಿಷಿನಲ್ಲಿ, ಅದನ್ನೂ ನಾನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ರಜಕ್ಕೆ ನಮ್ಮ ಮನೆಗೆ ಬಂದಿದ್ದಳು. ನಾನು ನಿಘಂಟು ಹರಡಿಕೊಂಡು ಕೂತಿದ್ದೆ. ಊರಿನ ಲೈಬ್ರರಿಯಲ್ಲಿ ನಮ್ಮಂಥ ವಯಸ್ಸಾದವರ ಕೂಟ ಒಂದಿದೆ. ತಿಂಗಳಿಗೆ ಒಬ್ಬರು ಒಂದು ಪದದ ಹುಟ್ಟು, ಬೆಳವಣಿಗೆ ಹೇಳಬೇಕು. ನನ್ನ ಸರದಿಗೆ ಒಂದು ಭಾರಿ ಪದ ಹುಡುಕುತ್ತಿದ್ದೆ.

“ತಾತ, ‘ಕೀನ್’ ತಗೋ. ಅದು ನಮ್ಮದು” ಅಂದಳು.

“ನಮ್ಮದು ಅಂದ್ರೆ?”

“ಐರಿಷಿಂದು. ಐರಿಷಲ್ಲಿ ಅಳೋದಕ್ಕೆ ಹಾಗೇ ಅಂತೀವಿ. ಕ ಅನ್ನೋದನ್ನ ಗಂಟಲ ಹಿಂದಿಂದ ಒತ್ತಿ ಹೇಳಬೇಕು. ಇಂಗ್ಲಿಷ್‌ನವರು ಕೇಳಿಸಿಕೊಂಡು ತಗೊಂಡು ಹೋದ್ರು.”

ಒತ್ತಿ ಹೇಳಿ ತೋರಿಸಿದಳು. ನಾನೂ ಒತ್ತಿದೆ. ಕೆಮ್ಮು ಬಂತು. ಆದರೆ ಎದೆ ಉಬ್ಬಿದ್ದು ಕೆಮ್ಮಿನಿಂದಲ್ಲ. ಮೈಸೂರಿನವನಾದ ನನ್ನ ಮೊಮ್ಮಗಳು ಐರಿಷ್ ಭಾಷೆಯನ್ನು ‘ನಮ್ಮದು’ ಅಂದು, ಇಂಗ್ಲಿಷಿನವರು ನಮ್ಮಿಂದ ಒಯ್ದದ್ದನ್ನು ನನಗೆ ಹೇಳಿಕೊಡುತ್ತಿದ್ದಾಳೆ. ಇದಕ್ಕಿಂತ ಇನ್ನೇನು ಬೇಕು?

ಆಮೇಲೆ ನಾನೂ ಓದಿ ತಿಳಿದುಕೊಂಡೆ. ಹಿಂದೆ ಇಲ್ಲಿಯ ಹಳ್ಳಿಗಳಲ್ಲಿ ಸತ್ತವರ ಸುತ್ತ ಹೆಂಗಸರು ಕೂತು, ಮೈಯನ್ನು ಹಿಂದೆ ಮುಂದೆ ತೂಗುತ್ತ, ಸತ್ತವರ ಮನೆತನ, ಗುಣ, ಧಾರಾಳತನ ಎಲ್ಲ ಹೊಗಳಿ ಹಾಡುತ್ತಿದ್ದರಂತೆ. ಬಿಟ್ಟು ಹೋದ್ಯಲ್ಲ ಅಂತ ಬೈಯುತ್ತಲೂ ಇದ್ದರಂತೆ. ಅದರಲ್ಲಿ ಪಳಗಿದ ಹೆಂಗಸರನ್ನು ಬೇರೆ ಊರಿನಿಂದ ಕರೆಸುತ್ತಿದ್ದರಂತೆ. ಪಾದ್ರಿಗಳಿಗೆ ಇದು ಸರಿಬೀಳಲಿಲ್ಲ. ನಿಧಾನಕ್ಕೆ ನಿಂತುಹೋಯಿತು. ಕ್ರಿಯಾಪದ ನಿಘಂಟಿನಲ್ಲಿ ಉಳಿಯಿತು, ಕ್ರಿಯೆ ಹೋಯಿತು.

ಮೊಮ್ಮಗಳ ಟೀಚರ್ ತರಗತಿಯಲ್ಲಿ ಒಂದು ಆಟ ಆಡಿಸಿದ್ದರಂತೆ: ಮನೆಯಲ್ಲಿ ಒಬ್ಬರನ್ನು ಆರಿಸಿಕೊಂಡು, ಹಾಡಿ ಹೊಗಳಬಹುದಾದ ಮೂರು ಗುಣ ಹೇಳಬೇಕು. “ನಾನು ನಿನ್ನನ್ನೇ ಆರಿಸಿಕೊಂಡೆ, ತಾತ” ಅಂದಳು. ನಾನು ಕನ್ನಡಕ ಸರಿ ಮಾಡಿಕೊಂಡು ನೆಟ್ಟಗೆ ಕೂತೆ.

“ಏನೇನು ಹೇಳಿದೆ?”

“ಒಂದು, ತಾತ ಕಾರು ನಿಧಾನಕ್ಕೆ ಓಡಿಸ್ತಾನೆ. ಎರಡು, ಅಜ್ಜಿ.”

“ಮೂರನೇದು?”

“ಎರಡೇ ಸಾಕು, ಗ್ರ್ಯಾಂಡ್ ಅಂದ್ರು ಟೀಚರ್.”

ಭಾಷಣ, ಮತ್ತು ಅದರ ಬಿಲ್ಲು

ಲೈಬ್ರರಿಯ ಭಾಷಣ ಬಹಳ ಚೆನ್ನಾಗಿ ಆಯಿತು. ಇದನ್ನು ನಾನೇ ಹೇಳಬೇಕಾಗಿದೆ, ಯಾಕೆಂದರೆ ಬಂದವರಲ್ಲಿ ಹೇಳುವವರು ಕಡಿಮೆ. ಇಲ್ಲಿಯ ಗಂಡಸರು ತುಂಬ ಮೆಚ್ಚಿದರೆ ‘ನಾಟ್ ಬ್ಯಾಡ್’ ಅನ್ನುತ್ತಾರೆ. ನನಗೆ ಅಂಥವು ಹಲವು ಸಿಕ್ಕಿದವು.

ಕೊನೆಯಲ್ಲಿ ನಾನು ಕೇಳಿದೆ: ಇಲ್ಲಿ ಯಾರಾದರೂ ಇದನ್ನು ಕಿವಿಯಾರೆ ಕೇಳಿದ್ದೀರಾ? ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ಹಿಂದಿನ ಸಾಲಿನಿಂದ ಪಕ್ಕದ ಮನೆಯಮ್ಮ ಕೈ ಎತ್ತಿದರು. ಚಿಕ್ಕ ಹುಡುಗಿಯಾಗಿದ್ದಾಗ, ಅವರ ಅಜ್ಜಿ ಹೋದಾಗ, ಬೆಟ್ಟದಾಚೆಯಿಂದ ಮುದುಕಿಯೊಬ್ಬಳು ಬಂದು ಹಾಡಿ ಅತ್ತಿದ್ದಳಂತೆ. “ಮೈಮೇಲಿನ ಕೂದಲು ಎದ್ದು ನಿಂತಿತ್ತು. ಅಜ್ಜಿ ಎಷ್ಟು ದೊಡ್ಡ ಮನುಷ್ಯಳು ಅಂತ ನನಗೆ ಗೊತ್ತಾಗಿದ್ದೇ ಅವತ್ತು” ಅಂದರು.

ಸಭೆಯವರೆಲ್ಲ ಹಿಂದೆ ತಿರುಗಿ ಅವರನ್ನೇ ನೋಡಿದರು. ಅಂಥ ಹೊತ್ತಿನಲ್ಲಿ ನನ್ನ ನಾಲಿಗೆ ಸುಮ್ಮನಿರಬೇಕಲ್ಲ. ನಮ್ಮ ಕಡೆಯೂ ಹೆಂಗಸರು ಹಾಡಿಕೊಂಡೇ ಅಳುತ್ತಾರೆ, ನನ್ನ ಹೆಂಡತಿಯ ಅಜ್ಜಿಯನ್ನು ಸುತ್ತಲಿನ ಹಳ್ಳಿಯವರು ಗಾಡಿ ಕಟ್ಟಿಕೊಂಡು ಬಂದು ಕರೆದೊಯ್ಯುತ್ತಿದ್ದರು, ಆ ವಿದ್ಯೆ ಇವಳಿಗೂ ಬಂದಿದೆ, ಅಂತ ಹೆಮ್ಮೆಯಿಂದ ಹೇಳಿಬಿಟ್ಟೆ. ಹೇಳಿದ್ದೆಲ್ಲ ನಿಜ. ನಮ್ಮವಳ ಒಪ್ಪಿಗೆ ಒಂದು ಇರಲಿಲ್ಲ.

ಸಭೆ ಮುಗಿದದ್ದೇ ಪಕ್ಕದ ಮನೆಯಮ್ಮ ನನಗಿಂತ ಮೊದಲು ನಮ್ಮ ಮನೆ ಸೇರಿದ್ದರು. ಅಡುಗೆ ಮನೆಯಲ್ಲಿ ಕೂತು ನಮ್ಮವಳ ಮುಂದೆ ವಿಷಯ ಇಟ್ಟರು. ಹೃದಯದ ಕವಾಟ ಬದಲಾಯಿಸಬೇಕು, ಮುಂದಿನ ವಾರ ಆಪರೇಷನ್. ಈ ವಯಸ್ಸಿನಲ್ಲಿ ಹೇಗಾಗುತ್ತದೋ ಡಾಕ್ಟರೂ ಖಾತ್ರಿ ಕೊಟ್ಟಿಲ್ಲ.

“ಸಾಯೋಕೆ ನನಗೆ ಹೆದರಿಕೆ ಇಲ್ಲ. ಆದರೆ ನಮ್ಮಕ್ಕನ ಸಾವಿನಲ್ಲಿ ನೋಡಿದೆಯಲ್ಲ? ಒಬ್ಬರಾದರೂ ದನಿ ಎತ್ತಿದರಾ? ಒಳ್ಳೆ ಬಿಸಿಲಿದೆ, ಸ್ಯಾಂಡ್‌ವಿಚ್ ಚೆನ್ನಾಗಿದೆ, ಇಷ್ಟೇ. ನಾನು ಪೋಸ್ಟ್‌ನಲ್ಲಿ ಕಳಿಸೋ ಪಾರ್ಸಲ್ ಥರ ಹೋಗೋದಿಲ್ಲ. ನನಗಾಗಿ ಯಾರಾದರೂ ಅಳಬೇಕು. ನೀನು ಅಳಬೇಕು.”

ನಮ್ಮವಳು ಅವರ ಕೈ ಹಿಡಿದುಕೊಂಡು, “ಅಂಥದ್ದೇನೂ ಆಗಲ್ಲ. ಆದರೆ ಖಂಡಿತ ಅಳ್ತೀನಿ” ಅಂದಳು.

“ಆಗ ಅತ್ತರೆ ನನಗೆ ಕೇಳಿಸುತ್ತಾ? ಆಪರೇಷನ್‌ಗೆ ಮೊದಲೇ ಅಳು.”

ನಮ್ಮವಳು ಕೈ ಬಿಟ್ಟಳು. ಬದುಕಿದ್ದವರ ಮುಂದೆ ಕೂತು ಸಾವಿನ ಅಳು ಅಳುವುದುಂಟೇ? ಅಪಶಕುನ, ಆಗೋದೇ ಇಲ್ಲ, ಅಂದಳು. ಪಕ್ಕದ ಮನೆಯಮ್ಮ ಮುಖ ಸಣ್ಣ ಮಾಡಿಕೊಂಡು ಎದ್ದು ಹೋದರು. ಆಮೇಲೆ ನಮ್ಮವಳು ನನ್ನ ಕಡೆ ತಿರುಗಿದಳು. ನಾನು ಸಮಾಧಾನವಾಗಿ, “ಮಾತಾಡುವ ರಭಸದಲ್ಲಿ ಬಂದುಬಿಡ್ತು” ಅಂದೆ.

“ಗೊತ್ತು. ಮಾತಾಡೋದು ನೀವು, ಅಳೋದು ನಾನು. ಮದುವೆಯಾದಾಗಿಂದ ಇದೇ ಏರ್ಪಾಡು.”

ಕಾಗೆ

ಇಲ್ಲ ಅಂದಳೇ ಹೊರತು ನಮ್ಮವಳಿಗೆ ಸಮಾಧಾನ ಇಲ್ಲ. ಎರಡು ದಿನ ಸಾರಿಗೆ ಉಪ್ಪು ಹೆಚ್ಚು ಕಮ್ಮಿಯಾಯಿತು. ಮೂರನೇ ದಿನ ಬೆಳಿಗ್ಗೆ ದೋಸೆ ತಿರುವಿ ಹಾಕುತ್ತ, “ಒಂದು ದಾರಿ ಇದೆ” ಅಂದಳು.

ನಮ್ಮ ಹಳ್ಳಿಗಳ ಕಡೆಯವರಿಗೆ ಇದು ಗೊತ್ತಿರುತ್ತದೆ. ಕಾಗೆ ಬಂದು ಯಾರದಾದರೂ ತಲೆ ಮುಟ್ಟಿದರೆ ಗಂಡಾಂತರ ಅಂತ ನಂಬಿಕೆ. ಪರಿಹಾರ ಅಂದರೆ, ಆ ಮನುಷ್ಯ ಸತ್ತೇ ಹೋದ ಅಂತ ನೆಂಟರಿಗೆ ಸುಳ್ಳು ಸುದ್ದಿ ಕಳಿಸುವುದು. ಅವರು ಎದೆ ಬಡಿದುಕೊಂಡು ಅತ್ತರೆ ಸಾವು ಆ ಅಳುವಿನಲ್ಲೇ ತೀರಿಹೋಯಿತು ಅಂತ ಲೆಕ್ಕ. ಆಮೇಲೆ ನಿಜ ಹೇಳಿ, ಬೈಸಿಕೊಂಡು, ಊಟ ಹಾಕುವುದು. ನಮ್ಮ ಸೋದರಮಾವ ಒಬ್ಬರು ಹೀಗೆ ಸತ್ತು ಆಮೇಲೆ ಬಹಳ ಕಾಲ ಬಾಳಿದರು.

“ಹಾಗಾಗಿ ಇವರಿಗೆ ಕಾಗೆ ಮುಟ್ಟಿದ್ರೆ ನಾನು ಅಳಬಹುದು. ಅದು ಅಪಶಕುನ ಅಲ್ಲ, ಔಷಧಿ” ಅಂದಳು.

ನಾನು ಪಕ್ಕದ ಮನೆಗೆ ಹೋಗಿ ಇದನ್ನು ವಿವರಿಸಿದೆ. ಆಕೆ ಕ್ಯಾಥೊಲಿಕ್, ದಿನವೂ ಜಪಸರ ಹಿಡಿಯುವವರು, ನಕ್ಕುಬಿಡುತ್ತಾರೆ ಅಂದುಕೊಂಡಿದ್ದೆ. ಒಂದೇ ಒಂದು ಪ್ರಶ್ನೆ ಕೇಳಿದರು: “ಯಾವ ಜಾತಿಯ ಕಾಗೆ?”

ಅವರ ಚಿಮಣಿಯಲ್ಲಿ ಬೂದು ಕತ್ತಿನ ಚಿಕ್ಕ ಕಾಗೆಗಳು ಗೂಡು ಕಟ್ಟಿಕೊಂಡು ಸಂಸಾರ ಮಾಡುತ್ತಿವೆ. ಅದೂ ಆಗುತ್ತದೆ ಅಂತ ನಮ್ಮವಳು ಗೋಡೆಯ ಈಚೆಯಿಂದ ತೀರ್ಪು ಕೊಟ್ಟಳು. ಮಧ್ಯಾಹ್ನ ನೋಡುತ್ತೇನೆ, ಪಕ್ಕದ ಮನೆಯಮ್ಮ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು, ತಲೆಗೆ ಉಣ್ಣೆಯ ಟೋಪಿ ಹಾಕಿಕೊಂಡು, ಟೋಪಿಯ ಮೇಲೆ ಬ್ರೆಡ್ ಪುಡಿ ಉದುರಿಸಿಕೊಂಡು, ರಾಣಿಯ ಹಾಗೆ ಅಲುಗಾಡದೇ ಕೂತಿದ್ದಾರೆ. ನಾನು ಸಾಕ್ಷಿ.

ನಮ್ಮವಳು ಬೇಲಿಯ ಮೇಲಿಂದ ಕತ್ತು ಚಾಚಿ, “ಅಯ್ಯೋ, ಹಾಗೆ ಕರೆದು ಮುಟ್ಟಿಸಿಕೊಂಡ್ರೆ ಆಗಲ್ಲ. ಅದು ತಾನಾಗೇ ಬರಬೇಕು” ಅಂದಳು.

“ಅದು ತಾನಾಗೇ ಬಂದೆ ಅಂತಲೇ ಅಂದುಕೊಳ್ಳುತ್ತೆ. ನೀನು ಅದಕ್ಕೆ ಹೇಳಬೇಡ.”

ಅಷ್ಟರಲ್ಲಿ ಚಿಮಣಿಯಿಂದ ಒಂದು ಇಳಿಯಿತು. ಬೇಲಿಯ ಮೇಲೆ ಕೂತು, ಕತ್ತು ಓರೆ ಮಾಡಿ, ಪರಿಸ್ಥಿತಿ ನೋಡಿತು. ನೇರ ಟೋಪಿಯ ಮೇಲೆ ಹಾರಿ ಕೂತು, ಬ್ರೆಡ್ ಮುಗಿಸಿ, ಟೋಪಿಯ ತುದಿಯ ಉಣ್ಣೆ ಕುಚ್ಚನ್ನು ಕಿತ್ತುಕೊಂಡು ಗೂಡಿಗೆ ಹೋಯಿತು. ಕೂದಲು ಕೆದರಿದ ಪಕ್ಕದ ಮನೆಯಮ್ಮ ನಮ್ಮವಳ ಕಡೆ ತಿರುಗಿ ಹೇಳಿದರು:

“ಈಗ ಅಳ್ತೀಯೋ, ಇಲ್ಲ ಹದ್ದು ಕರೆಸಲೋ?”

ಅಳು

ಆಪರೇಷನ್ನಿನ ಹಿಂದಿನ ದಿನ. ಬ್ಯಾಲಿನ್‌ಕೊಲಿಗ್‌ನಲ್ಲಿ ಅಪರೂಪಕ್ಕೆ ಬಿಸಿಲು ಬಿದ್ದಿತ್ತು, ರಸ್ತೆಯ ಎಲ್ಲ ಮನೆಗಳ ಕಿಟಕಿ ತೆರೆದಿದ್ದವು. ಇದು ಮುಂದೆ ಮುಖ್ಯವಾಗುತ್ತದೆ ಅಂತ ನಮಗೆ ಹೊಳೆಯಲಿಲ್ಲ. ಪಕ್ಕದ ಮನೆಯಮ್ಮ ತಮ್ಮ ಹಾಲ್‌ನಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಆರಾಮ ಕುರ್ಚಿಯಲ್ಲಿ ಒರಗಿದರು. ನಮ್ಮವಳು ಸೆರಗು ಬಿಗಿದುಕೊಂಡು ನೆಲದ ಮೇಲೆ ಕೂತಳು. ನನ್ನದು ಅನುವಾದಕನ ಕೆಲಸ.

ಮೊದಲು ಅಳು ಬರಲಿಲ್ಲ. ಎದುರಿಗೆ ಹೆಣ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದರೆ ಹೇಗೆ ಬರುತ್ತದೆ? “ಕಣ್ಣು ಮುಚ್ಚಿಕೊಳ್ಳಿ” ಅಂದಳು. ಮುಚ್ಚಿಕೊಂಡರು. ಆ ಸುಕ್ಕಿದ ರೆಪ್ಪೆ, ಕುರ್ಚಿಯ ತೋಳಿನ ಮೇಲಿದ್ದ ಸಣ್ಣ ಕೈ ನೋಡಿದಳೋ ಏನೋ, ದನಿ ಎದ್ದಿತು.

“ಅಯ್ಯೋ ನನ್ನವ್ವಾ, ಎದ್ದು ಹೋದ್ಯಾ ನನ್ನವ್ವಾ,
ಇವತ್ತು ಕಸಕ್ಕೆ ಹಸಿರು ಬಿನ್ನೋ ಕಂದು ಬಿನ್ನೋ, ಇನ್ಯಾರ ಕೇಳ್ಲೇ ನನ್ನವ್ವಾ,
ಗಡಿಯಾರ ನೋಡಿ ಗದರಿಸ್ತಿದ್ದೆ, ಗಾಳಿ ನೋಡಿ ಬಟ್ಟೆ ತೆಗೀತಿದ್ದೆ,
ಅಡ್ರೆಸ್ ಇಲ್ಲದೆ ಬಂದೋರಿಗೆ ಅವ್ವನಾಗಿದ್ದೆ ನನ್ನವ್ವಾ…”

ನಮ್ಮ ಮದುವೆಯಾಗಿ ಇಷ್ಟು ಕಾಲವಾದರೂ ನಾನು ಈ ವಿದ್ಯೆಯ ಸುದ್ದಿಯನ್ನು ಅವಳ ತವರಿನವರ ಬಾಯಲ್ಲಿ ಕೇಳಿದ್ದೆನೇ ಹೊರತು ಈ ದನಿ ಕೇಳಿರಲಿಲ್ಲ. ಅವಳ ತಾಯಿ ಹೋದಾಗ ನಾವು ಊರು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅಳುವವರೆಲ್ಲ ಅತ್ತು ಎದ್ದಿದ್ದರು. ಅವತ್ತು ಒಳಗೇ ಉಳಿದದ್ದೂ ಇದರ ಜೊತೆ ಬಂತು ಅಂತ ಕಾಣುತ್ತದೆ. ಮೈ ತೂಗುತ್ತ, ಉಸಿರು ಸಿಕ್ಕಿಕೊಂಡಲ್ಲೇ ರಾಗ ಹಿಡಿದು ಎತ್ತುತ್ತ, ಎಷ್ಟು ಚೆನ್ನಾಗಿ ಅತ್ತಳು ಅಂದರೆ, ನಾನು ಅನುವಾದ ಮರೆತು ಕನ್ನಡಕ ಒರೆಸಿಕೊಳ್ಳುತ್ತಿದ್ದೆ. ಲೈಬ್ರರಿಯಲ್ಲಿ ನಾನು ಅಷ್ಟು ಹೊತ್ತು ಹೇಳಿದ ಕ್ರಿಯಾಪದ ಇಲ್ಲಿ ನೆಲದ ಮೇಲೆ ಕೂತು ತನ್ನನ್ನು ತಾನೇ ಹೇಳಿಕೊಳ್ಳುತ್ತಿತ್ತು. ಹೆಮ್ಮೆ ಅಂದರೆ ಇದೇ ಇರಬೇಕು: ಎದ್ದು ನಿಂತು ಎಲ್ಲರನ್ನೂ ಕರೆದು ತೋರಿಸಬೇಕು ಅನ್ನಿಸುತ್ತದೆ.

ಹೊಗಳಿಕೆ ಮುಗಿದು ಬೈಗುಳ ಶುರುವಾಯಿತು. ಅದೂ ಪದ್ಧತಿಯೇ. ಪಕ್ಕದ ಮನೆಯಮ್ಮ ಕಣ್ಣು ಮುಚ್ಚಿಕೊಂಡೇ, “ಈಗ ಏನಂದಳು?” ಅಂದರು.

“ಅವಳ ಕೊತ್ತಂಬರಿ ಕುಂಡಕ್ಕೆ ತಣ್ಣಗಾದ ಟೀ ಸುರಿದು ಸುರಿದು ಸಾಯಿಸಿದಿರಿ ಅಂತ.”

“ನಿಜ. ಆಮೇಲೆ?”

“ನಿಮ್ಮಷ್ಟು ಹಟಮಾರಿ ಇಡೀ ಕೆರಿ ಸೀಮೆಯಲ್ಲೇ ಇರಲಿಲ್ಲ ಅಂತ.”

ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. “ಅದನ್ನ ಇನ್ನೊಂದು ಸಲ ಹೇಳೋಕೆ ಹೇಳು. ಜೋರಾಗಿ.”

ಇನ್ನೊಂದು ಸಲ, ಜೋರಾಗಿ, ಹೇಳಿದಳು. ಬಾಗಿಲ ಬೆಲ್ ಹೊಡೆಯಿತು.

ಆಪರೇಷನ್ ವಿಷಯ ರಸ್ತೆಗೆಲ್ಲ ಗೊತ್ತಿತ್ತು. ತೆರೆದ ಕಿಟಕಿಗಳೊಳಗೆ ಈ ಅಳು ಹೋದದ್ದೇ ತಡ, ಮುದುಕಿ ಆಸ್ಪತ್ರೆ ತನಕವೂ ಹೋಗಲಿಲ್ಲ ಅಂತ ತೀರ್ಮಾನವಾಗಿತ್ತು. ಇಲ್ಲಿಯವರ ಗುಣ ಒಂದಿದೆ: ಸಾವಿನ ಸುದ್ದಿ ಕೇಳಿದ ಕೂಡಲೇ ಮೊದಲು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಾರೆ, ದುಃಖ ಆಮೇಲೆ. ನಾನು ಏಳುವ ಮೊದಲೇ ಪಕ್ಕದ ಮನೆಯಮ್ಮ ಮೂಗು ಒರೆಸಿಕೊಂಡು ತಾವೇ ಹೋಗಿ ಬಾಗಿಲು ತೆಗೆದರು. ಹೊರಗೆ ಮೂಲೆ ಮನೆಯಾಕೆ, ಕಣ್ಣು ಕೆಂಪಾಗಿದೆ, ಕೈಯಲ್ಲಿ ಹಾಳೆ ಮುಚ್ಚಿದ ಸ್ಯಾಂಡ್‌ವಿಚ್ ತಟ್ಟೆ. ಬಾಯಿ ತೆರೆದದ್ದು ತೆರೆದ ಹಾಗೇ ಇದೆ.

“ಒಳಗೆ ಬಾ. ನಾನು ಹೋಗಿಬಿಟ್ಟೆ, ಟೀಗೆ ನೀರಿಡ್ತೀನಿ” ಅಂದರು ಪಕ್ಕದ ಮನೆಯಮ್ಮ.

ಹಿಂದೆಯೇ ಇನ್ನೊಬ್ಬರು ಆಪಲ್ ಟಾರ್ಟ್ ಹಿಡಿದು. ಅವರ ಹಿಂದೆ ಲೈಬ್ರರಿ ಕೂಟದ ಗಂಡಸರು, ಟೈ ಕಟ್ಟಿಕೊಂಡು. ಪಾದ್ರಿಯೂ ಬಂದರು, ಕೊನೆಗಾಲದಲ್ಲಿ ಹಣೆಗೆ ಹಚ್ಚುವ ಎಣ್ಣೆಯ ಡಬ್ಬಿ ಜೇಬಿನಲ್ಲಿಟ್ಟುಕೊಂಡು. ವಿಷಯ ಗೊತ್ತಾದ ಮೇಲೆ ಒಬ್ಬರೂ ವಾಪಸು ಹೋಗಲಿಲ್ಲ. ಇಷ್ಟು ದೂರ ಬಂದಾಯಿತು ಅಂತ ಸಾಲಾಗಿ ನಿಂತು ಆಕೆಯ ಕೈಯನ್ನೇ ಕುಲುಕಿ, ‘ಸಾರಿ ಫಾರ್ ಯುವರ್ ಟ್ರಬಲ್’ ಅಂದರು. ಆಕೆ ಕುರ್ಚಿಯಲ್ಲಿ ಕೂತು, “ತುಂಬಾ ಹಠಾತ್ ಆಗಿಹೋಯ್ತು” ಅಂತ ಒಬ್ಬೊಬ್ಬರಿಗೂ ಹೇಳಿದರು.

ಆದರೆ ಒಂದು ಬದಲಾಗಿತ್ತು. ಹವಾಮಾನದ ಮಾತು ಒಬ್ಬರೂ ಎತ್ತಲಿಲ್ಲ. ನಮ್ಮವಳ ಅಳು ಕೇಳಿ ಬಂದವರು, ತಮ್ಮ ಮಕ್ಕಳಿಗೆ ಆಕೆ ಓದು ಹೇಳಿಕೊಟ್ಟದ್ದು, ಹಿಮ ಬಿದ್ದ ಚಳಿಗಾಲ ಮನೆಮನೆಗೆ ಸೂಪು ತಂದು ಕೊಟ್ಟದ್ದು, ಎಲ್ಲ ಆಕೆಯ ಮುಂದೆಯೇ ಹೇಳಿದರು. ಟೈ ಕಟ್ಟಿದ ಗಂಡಸೊಬ್ಬ ಗೋಡೆಯ ಕಡೆ ತಿರುಗಿ ನಿಂತು ದನಿ ತೆಗೆದೇ ಅತ್ತ. ನಮ್ಮವಳು ನನ್ನ ಕಿವಿಯಲ್ಲಿ, “ಸುಳ್ಳು ಸುದ್ದಿ ನಾವು ಕಳಿಸೋದು ಮರೆತಿದ್ದೆವು ರೀ, ಅದು ತಾನಾಗೇ ಹೋಯ್ತು ನೋಡಿ” ಅಂದಳು. ಸ್ಯಾಂಡ್‌ವಿಚ್ ತಟ್ಟೆ ಬಂದಾಗ, ಇದು ಸಾವಿನ ಮನೆಯಲ್ಲ ಅಂತ ಲೆಕ್ಕ ಹಾಕಿ, ಮೊದಲ ಸಲಕ್ಕೇ ಎರಡು ತಗೊಂಡಳು.

ಆಪರೇಷನ್ ಚೆನ್ನಾಗಿ ಆಯಿತು. ನಮ್ಮವಳು ಅದರ ಪುಣ್ಯ ಕಾಗೆಯದ್ದು ಅನ್ನುತ್ತಾಳೆ, ಪಾದ್ರಿ ಮೇಲಿನವನದ್ದು ಅನ್ನುತ್ತಾರೆ, ಡಾಕ್ಟರ್ ತಮ್ಮದು ಅಂದುಕೊಂಡಿದ್ದಾರೆ. ನೋಡಲು ಹೋದಾಗ ಪಕ್ಕದ ಮನೆಯಮ್ಮ ದಿಂಬಿಗೆ ಒರಗಿ ಕೂತಿದ್ದರು, ಮುಖ ಗಂಟಿಕ್ಕಿತ್ತು. ನೋವಿದೆಯಾ ಅಂತ ನಮ್ಮವಳು ಕೇಳಿದಳು.

“ನೋವೇನಿಲ್ಲ. ಅವತ್ತು ನನ್ನ ಸಾವಿಗೆ ಎಲ್ಲರೂ ಬಂದರು, ನಮ್ಮ ರಸ್ತೆಯ ಕೊನೆಯ ಮನೆಯ ಆ ಮುದುಕ ಮಾತ್ರ ಬರಲಿಲ್ಲ. ಗಮನಿಸಿದೆಯಾ?”

“ಹೋಗಲಿ ಬಿಡಿ, ಕೇಳಿಸಿರಲಿಕ್ಕಿಲ್ಲ.”

“ಕೇಳಿಸದೇ ಏನು, ಕಿಟಕಿಯಲ್ಲೇ ನಿಂತಿದ್ದ. ಇರಲಿ, ಅವನ ಸಾವಿಗೆ ನಾನೂ ಹೋಗೋದಿಲ್ಲ. ಡಾಕ್ಟರಿಗೆ ಈಗ ತಾನೇ ಹೇಳಿದೆ, ಅವನು ನನಗಿಂತ ಹದಿನೈದು ವರ್ಷ ಚಿಕ್ಕವನು, ಅಲ್ಲೀ ತನಕ ಬರೋ ಅಂಥ ಕವಾಟ ಹಾಕಿದ್ದೀಯಾ ತಾನೇ ಅಂತ.”